ಹಳೇ ಔಟ್‌ಬೋರ್ಡ್ ಎಂಜಿನ್ನಿನ ಸೈಲೆನ್ಸರ್‌ನ ಬಚ್ಚಲೊಲೆಗೆ ಹಾಕ್ಬಹುದಾ?

ಪ್ರಶ್ನೆ: ನಮ್ಮೂರು ತುಮರಿ ಹತ್ರ, ಶರಾವತಿ ಹಿನ್ನೀರಿನ ದಡ. ಅಜ್ಜನ ಕಾಲದ, ದೋಣಿಯ ಹಿಂದೆ ಸಿಕ್ಕಿಸೋ ಒಂದು ಔಟ್‌ಬೋರ್ಡ್ ಎಂಜಿನ್ ಹೊಗೆ ಅಟ್ಟದ ಮೇಲೆ ಬಿದ್ದಿತ್ತು, ಜಾನ್ಸನ್ ಸೀ ಹಾರ್ಸ್, 10 ಹೆಚ್‌ಪಿ, ಎರಡು ಸಿಲಿಂಡರ್. ಅಜ್ಜ ಅದನ್ನ ಹೊನ್ನಾವರ ಕಡೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದಂತೆ. ಕೆಳಗಿಳಿಸಿ, ಪ್ಲಗ್ ಹೊಸದು ಹಾಕಿ, ಕಿಡಿ ಕೊಡಿಸೋ ಪಾಯಿಂಟ್ ಕ್ಲೀನ್ ಮಾಡಿ, ಕೊಟ್ಟಿಗೇಲಿ ಡ್ರಮ್ಮಿಗೆ ನೀರು ತುಂಬಿ ಅದ್ರಲ್ಲಿ ನಿಲ್ಲಿಸಿ ಹಗ್ಗ ಎಳೆದ್ರೆ ಸ್ಟಾರ್ಟ್ ಏನೋ ಆಗತ್ತೆ, ಆದ್ರೆ ಹೊಗೆ ವಿಪರೀತ, ರೇಸ್ ಕೊಟ್ರೆ ಮೇಲೇಳಲ್ಲ, ಎರಡು ನಿಮಿಷಕ್ಕೆ ಉಸಿರು ಕಟ್ಟಿದ ಹಾಗೆ ಆಗಿ ನಿಂತೋಗತ್ತೆ. ಕಾಲಿನ (ಎಂಜಿನ್ನಿಂದ ನೀರಿಗಿಳಿಯೋ ಉದ್ದ ಭಾಗ) ಹಿಂದಿರೋ ತೂತಿಂದ ಕಪ್ಪು ಎಣ್ಣೆ ಸೋರತ್ತೆ. ನಮ್ಮ ಭಾವ ಯೆಜ್ಡಿ ಓಡಿಸ್ತಿದ್ದವ್ರು, ಸೈಲೆನ್ಸರ್ ಬಿಚ್ಚಿ ಕಾಸ್ಟಿಕ್ ಸೋಡಾದಲ್ಲಿ ನೆನೆಸು, ಇಲ್ಲಾಂದ್ರೆ ಬಚ್ಚಲೊಲೆಗೆ ಹಾಕಿ ಸುಡು ಅಂತಾರೆ. ನಂಗೆ ಸೈಲೆನ್ಸರ್ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೊದಲು ಭಾವನ ಕೈಯಿಂದ ಆ ಕಾಸ್ಟಿಕ್ ಸೋಡಾ ಡಬ್ಬಿ ತಗೊಂಡು ಒಳಗಿಡಿ ಮಾರಾಯ್ರೆ, ಆಮೇಲೆ ಮುಂದಿನದು ಓದಿ.

ಭಾವ ಹೇಳಿದ್ದು ಸುಳ್ಳಲ್ಲ, ಯೆಜ್ಡಿಗೆ ಅದು ಸರಿ. ಮೈಸೂರಲ್ಲಿ ತಯಾರಾಗ್ತಿದ್ದ ಆ ಗಾಡಿಗಳ ಸೈಲೆನ್ಸರ್ ಕಬ್ಬಿಣದ ತಗಡು, ಕಾಸ್ಟಿಕ್ ಸೋಡಾ ಕಬ್ಬಿಣಕ್ಕೆ ಏನೂ ಮಾಡಲ್ಲ, ಎಣ್ಣೆ ಜಿಡ್ಡನ್ನ ಮಾತ್ರ ತಿನ್ನತ್ತೆ, ಕಾರ್ಬನ್ ಸಡಿಲ ಆಗಿ ಬರತ್ತೆ. ಒಲೆಗೆ ಹಾಕಿ ಸುಟ್ಟು ತಟ್ಟಿದ್ರೂ ಉದುರತ್ತೆ, ನಮ್ಮ ಕಡೆ ಎಷ್ಟು ಮನೆ ಬಚ್ಚಲೊಲೇಲಿ ಸೈಲೆನ್ಸರ್ ಸುಟ್ಟು ಅದೇ ಬಿಸಿಯಲ್ಲಿ ಹಂಡೆ ನೀರು ಕಾಯಿಸಿ ಸ್ನಾನ ಮಾಡಿದ್ದಾರೋ ಲೆಕ್ಕ ಇಲ್ಲ. ಆದ್ರೆ ನಿಮ್ಮ ಎಂಜಿನ್ನಿನ ಬ್ಲಾಕು, ಕವರು, ಕಾಲು ಎಲ್ಲ ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂನ ನೇರವಾಗಿ ಕರಗಿಸತ್ತೆ, ಕರಗಿಸ್ತಾ ಹೈಡ್ರೋಜನ್ ಗ್ಯಾಸ್ ಬೇರೆ ಬಿಡತ್ತೆ, ಬೆಂಕಿ ತಾಗಿದ್ರೆ ಢಮ್ ಅನ್ನೋ ಗ್ಯಾಸು. ನಾನು ಕೆಲಸ ಕಲಿಯೋ ಹೊತ್ತಲ್ಲಿ ಒಂದು ಗ್ಯಾರೇಜಲ್ಲಿ ಸ್ಕೂಟರ್ ಎಂಜಿನ್ನಿನ ಕವರ್ ಒಂದನ್ನ ಬುದ್ಧಿ ಇಲ್ಲದೆ ಸೋಡಾ ನೀರಿಗೆ ಹಾಕಿ ಮನೆಗೆ ಹೋಗಿದ್ದೆ, ಬೆಳಗ್ಗೆ ಬಂದು ನೋಡಿದ್ರೆ ಬಕೀಟಲ್ಲಿ ಗೆದ್ದಲು ತಿಂದ ಹಲಗೆ ಥರ ಒಂದು ಚೂರು ಉಳಿದಿತ್ತು ಅಷ್ಟೆ, ಅದರ ದುಡ್ಡು ಮೂರು ತಿಂಗಳು ಸಂಬಳದಲ್ಲಿ ಕಟ್ ಆಯ್ತು. ಅಡುಗೆಮನೆ ಒಲೆ ತೊಳಿಯೋ ಕೆಲವು ಸ್ಪ್ರೇಗಳಲ್ಲೂ ಇದೇ ಸೋಡಾ ಇರತ್ತೆ, ಡಬ್ಬಿ ಮೇಲೆ ಓದಿ ತಗೊಳ್ಳಿ. ಇನ್ನು ಒಲೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗತ್ತೆ, ಎರಕದ ಮಿಶ್ರಲೋಹ ಅದಕ್ಕಿಂತ ಮುಂಚೆನೇ ಮೆತ್ತಗಾಗತ್ತೆ, ಒಳ್ಳೆ ಸೌದೆ ಕೆಂಡ 800 ದಾಟೋದು ದೊಡ್ಡ ವಿಷಯ ಅಲ್ಲ. ಅಜ್ಜನ ಜಾನ್ಸನ್ ಬೂದಿ ಜೊತೆ ತೋಟಕ್ಕೆ ಗೊಬ್ಬರ ಆಗತ್ತೆ.

ಈಗ ಸೈಲೆನ್ಸರ್ ಎಲ್ಲಿ ಅನ್ನೋದು. ಬೈಕಿಗೆ ಇರೋ ಹಾಗೆ ಬಿಚ್ಚಿ ಕೈಯಲ್ಲಿ ಹಿಡಿಯೋ ಸೈಲೆನ್ಸರ್ ಇದಕ್ಕೆ ಇಲ್ಲ. ಸಿಲಿಂಡರಿನ ತೂತಿಂದ ಹೊರಬಿದ್ದ ಹೊಗೆ ಬ್ಲಾಕಿನ ಪಕ್ಕದಲ್ಲಿರೋ ಒಂದು ಕೋಣೆಗೆ ಬರತ್ತೆ, ಆ ಕೋಣೆಗೆ ಒಂದು ಒಳ ತಗಡು, ಅದರ ಮೇಲೆ ಒಂದು ಹೊರ ಕವರು, ಎರಡರ ನಡುವೆ ತಂಪು ಮಾಡೋ ನೀರು ಓಡಾಡತ್ತೆ. ಅಲ್ಲಿಂದ ಹೊಗೆ ಕೆಳಗೆ ತಿರುಗಿ ಕಾಲಿನ ಒಳಗಿರೋ ಕೊಳವೆಗೆ ಇಳಿದು, ಬ್ಲಾಕ್ ಸುತ್ತಿ ಬಂದ ಬಿಸಿನೀರನ್ನೂ ಜೊತೆಗೆ ಕರ್ಕೊಂಡು, ದೋಣಿ ದೂಡೋ ಫ್ಯಾನಿನ (ಪ್ರೊಪೆಲ್ಲರ್) ಹತ್ರ ನೀರೊಳಗೇ ಹೊರಬೀಳತ್ತೆ. ಅಂದ್ರೆ ನಿಮ್ಮ ಎಂಜಿನ್ನಿಗೆ ಕಾಲೇ ಸೈಲೆನ್ಸರು, ಉಳಿದ ಸದ್ದು ನುಂಗೋದು ಲಿಂಗನಮಕ್ಕಿ ನೀರು. ಹಿಂದೆ ನೀರಿನ ಮಟ್ಟಕ್ಕಿಂತ ಮೇಲೆ ಒಂದೆರಡು ಸಣ್ಣ ತೂತು ಇದ್ಯಲ್ಲ, ನೀವು ಕಪ್ಪು ಎಣ್ಣೆ ಸೋರತ್ತೆ ಅಂದಿದ್ದು, ಅದು ನಿಧಾನ ಓಡುವಾಗ ಹೊಗೆಗೆ ಉಸಿರಾಡೋ ದಾರಿ. ನಿಧಾನದಲ್ಲಿ ಹೊಗೆಗೆ ನೀರನ್ನ ದೂಡಿ ಹೊರಬರೋ ಶಕ್ತಿ ಇರಲ್ಲ, ಆಗ ಈ ತೂತಿಂದ ಹೊರಗೆ ಹೋಗತ್ತೆ.

ಇದನ್ನ ಇಷ್ಟು ಎಳೆದು ಹೇಳಿದ್ದು ಯಾಕಂದ್ರೆ, ಹೊಗೆ ಮತ್ತು ನೀರು ಎರಡೂ ಒಂದು ತಗಡಿನ ಆಚೆ ಈಚೆ ಓಡೋ ಜಾಗ ಇದು. ಕಾರ್ಬನ್ ಕೆರೆಯೋದು ಇಲ್ಲಿ ಅರ್ಧ ಕೆಲಸ ಮಾತ್ರ. ಕಾಲಿಗೆ ಇಳಿಯೋವರೆಗೆ ಹೊಗೆ ಬೇರೆ ನೀರು ಬೇರೆ ಇರೋ ಹಾಗೆ ವಾಪಸ್ ಕೂರಿಸೋದು ಇನ್ನರ್ಧ, ಜನ ತಪ್ಪೋದು ಅಲ್ಲೇ.

ಬಿಚ್ಚೋಕೆ ಮುಂಚೆ ಎರಡು ಸಣ್ಣ ಪರೀಕ್ಷೆ ಮಾಡಿ, ಯಾಕಂದ್ರೆ ಅರ್ಧ ಸಲ ಬಿಚ್ಚೋದೇ ಬೇಡ ಆಗತ್ತೆ. ನೀವು ಕೊಟ್ಟಿಗೇಲಿ ಡ್ರಮ್ಮಿಟ್ಟು ಓಡಿಸಿದ್ದೀರಿ. ಡ್ರಮ್ಮಿನ ನೀರಿಂದ ಗುಳುಗುಳು ಮೇಲೆ ಬಂದ ಹೊಗೆ ಎಲ್ಲಿಗೂ ಹೋಗಲ್ಲ, ಎಂಜಿನ್ ತನ್ನ ಹೊಗೆಯನ್ನ ತಾನೇ ಕುಡಿದು ಉಸಿರು ಕಟ್ಟಿ ನಿಲ್ಲತ್ತೆ, ಎರಡು ನಿಮಿಷಕ್ಕೆ ನಿಂತೋಗತ್ತೆ ಅಂದಾಗ ನನಗೆ ಮೊದಲು ಹೊಳೆದಿದ್ದು ಅದೇ. ನಿಮಗೂ ದನಕ್ಕೂ ಆ ಹೊಗೆ ಒಳ್ಳೇದಲ್ಲ, ಅದ್ರಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ತಿರುಗಿದ ಮೇಲೆ ಗೊತ್ತಾಗೋದು. ಅಂಗಳಕ್ಕೆ ತಂದು ಗಾಳಿ ಬರೋ ಕಡೆ ಇಟ್ಟು ಓಡಿಸಿ ನೋಡಿ. ನೀರು ಫ್ಯಾನಿನ ಮೇಲಿರೋ ಅಗಲ ರೆಕ್ಕೆ ತಟ್ಟೆ ಮುಳುಗಿ ಇನ್ನೂ ನಾಲ್ಕೈದು ಇಂಚು ಮೇಲಿರಲಿ, ನೀರಿಲ್ಲದೆ ಮಾತ್ರ ಒಂದು ಕ್ಷಣವೂ ಬೇಡ, ಪಂಪಿನ ರಬ್ಬರ್ ಚಕ್ರ ಸುಟ್ಟೋಗತ್ತೆ. ಎರಡನೇದು, ಹಿಂದಿನ ಆ ಉಸಿರು ತೂತಿಗೆ ಒಂದು ತಂತಿ ಹಾಕಿ ನೋಡಿ. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಎಂಜಿನ್ ಅಂದ್ರೆ ಕುಂಬಾರ ಹುಳ ಅಲ್ಲಿ ಮಣ್ಣಿನ ಮನೆ ಕಟ್ಟಿರೋದು ಗ್ಯಾರಂಟಿ, ಪೆನ್ಸಿಲ್ ಗಾತ್ರದ ತೂತು ಕಂಡ್ರೆ ಆ ಹುಳಕ್ಕೆ ಅರಮನೆ ಕಂಡ ಹಾಗೆ. ನಿಮಗೆ ಎಣ್ಣೆ ಸೋರತ್ತೆ ಅಂದ್ರೆ ಪೂರ್ತಿ ಮುಚ್ಚಿಲ್ಲ, ಅರ್ಧ ಮುಚ್ಚಿರಬಹುದು. ಅಂದ ಹಾಗೆ ಡ್ರಮ್ಮಲ್ಲಿ ನಿಧಾನ ಓಡಿಸುವಾಗ ಅಲ್ಲಿ ಸ್ವಲ್ಪ ಕಪ್ಪು ಎಣ್ಣೆ ಸೋರೋದು ರೋಗ ಅಲ್ಲ, ಸುಡದ ಎಣ್ಣೆ ಅದು.

ಇದೆಲ್ಲ ಆದ್ಮೇಲೂ ರೇಸ್ ಮೇಲೇಳ್ತಿಲ್ಲ ಅಂದ್ರೆ ಕಂಪ್ರೆಷನ್, ಅಂದ್ರೆ ಸಿಲಿಂಡರಿನೊಳಗಿನ ಒತ್ತಡ, ನೋಡಿ. ಗೇಜ್ ಇದ್ರೆ ಎರಡು ಸಿಲಿಂಡರಿನ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಇದ್ರೆ ಕಾರ್ಬನ್ ತೆಗೆದು ಪ್ರಯೋಜನ ಇಲ್ಲ, ರಿಂಗಿನ ಕಡೆ ನೋಡ್ಬೇಕು. ಆಮೇಲೆ ಪ್ಲಗ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡೂ ಕಪ್ಪಗೆ ಎಣ್ಣೆ ಎಣ್ಣೆ ಇದ್ರೆ ಸಮಾಧಾನ, ಬರೀ ಕಾರ್ಬನ್ ಕೇಸು. ಒಂದು ಕಪ್ಪಗಿದ್ದು ಇನ್ನೊಂದು ಈಗ ತೊಳೆದಿಟ್ಟ ಹಾಗೆ ಸ್ವಚ್ಛ ಇದ್ರೆ ಖುಷಿ ಪಡಬೇಡಿ, ಆ ಸಿಲಿಂಡರಿಗೆ ಎಲ್ಲಿಂದಲೋ ನೀರು ಹೋಗಿ ಹಬೆಯಾಗಿ ತೊಳಿತಿದೆ, ಹೆಡ್ಡಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಇಲ್ಲಾಂದ್ರೆ ಈ ಎಕ್ಸಾಸ್ಟಿನ ಒಳ ತಗಡಿನ ಪ್ಯಾಕಿಂಗ್ ಹೋಗಿದೆ ಅಂತ ಅರ್ಥ.

ಈ ಕಾರ್ಬನ್ ಎಷ್ಟು ಕಾಟ ಕೊಡತ್ತೆ ಅಂತ ಒಂದು ಲೆಕ್ಕ ಹೇಳ್ತೀನಿ. 20 ಮಿಲಿಮೀಟರ್ ಅಗಲದ ದುಂಡು ದಾರಿ ಅಂದ್ಕೊಳ್ಳಿ, ಸುತ್ತ 2 ಮಿಲಿಮೀಟರ್ ಕಾರ್ಬನ್ ಕೂತ್ರೆ ಉಳಿಯೋದು 16. ನೋಡೋಕೆ ಏನೂ ಅನ್ಸಲ್ಲ, ಆದ್ರೆ ದಾರಿಯ ವಿಸ್ತೀರ್ಣ 100ರಿಂದ 64ಕ್ಕೆ ಇಳೀತು. ಟೂ ಸ್ಟ್ರೋಕಲ್ಲಿ ಹಳೇ ಹೊಗೆ ಹೊರಗೆ ಹೋದ್ರೆ ಮಾತ್ರ ಹೊಸ ಪೆಟ್ರೋಲ್ ಒಳಗೆ ಬರೋದು, ಮದುವೆ ಮನೆ ಊಟದ ಪಂಕ್ತಿ ಇದ್ದ ಹಾಗೆ, ಕೂತವರು ಏಳದೆ ನಿಂತವರು ಕೂರೋಕಾಗಲ್ಲ. ನಿಧಾನ ಓಡುವಾಗ ಹೇಗೋ ನಡೀತದೆ, ರೇಸ್ ಕೊಟ್ಟ ಕೂಡ್ಲೆ ನೂಕುನುಗ್ಗಲು.

ಸರಿ, ಬಿಚ್ಚೋಣ. ಇಲ್ಲಿ ಶುರು ಆಗೋದು ನಿಜವಾದ ಕಷ್ಟ, ಅದು ಕಾರ್ಬನ್ ಅಲ್ಲ, ಬೋಲ್ಟು. ನಿಮ್ಮದು ಹೊನ್ನಾವರದಿಂದ ಬಂದ ಎಂಜಿನ್, ಅಂದ್ರೆ ಉಪ್ಪುನೀರು ಕುಡಿದಿದೆ. ಅಲ್ಯೂಮಿನಿಯಂ ತೂತಿನಲ್ಲಿ ಸ್ಟೀಲ್ ಬೋಲ್ಟು, ನಡುವೆ ಉಪ್ಪುನೀರು, ಇಷ್ಟಿದ್ರೆ ಸಾಕು ಒಂದು ಸಣ್ಣ ಬ್ಯಾಟರಿ ಆದ ಹಾಗೆ, ಅಲ್ಯೂಮಿನಿಯಂ ಬಿಳಿ ಪುಡಿ ಆಗಿ ಉಬ್ಬಿ ಬೋಲ್ಟನ್ನ ಹಲ್ಲು ಕಚ್ಚಿ ಹಿಡ್ಕೊಂಡಿರತ್ತೆ. ಪಾನಾ ಹಾಕಿ ಜೋರು ತೋರಿಸಿದ್ರೆ ತಲೆ ಟಕ್ ಅಂತ ಬರತ್ತೆ, ದೇಹ ಒಳಗೇ. ಆ ಟಕ್ ಶಬ್ದ ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಗಿದ್ದು.

ಹಾಗಾಗಿ ಆತುರ ಬೇಡ, ಹೇಗೂ ಮಳೆಗಾಲದಲ್ಲಿ ಹೊರಗೆ ಕೆಲಸ ಇಲ್ಲ. ಮೊದಲ ದಿನ ಎಲ್ಲ ಬೋಲ್ಟಿನ ತಲೆ ಸುತ್ತ ಹಿತ್ತಾಳೆ ಬ್ರಷ್ಷಲ್ಲಿ ಉಜ್ಜಿ ತುಕ್ಕು ಬಿಡಿಸೋ ಎಣ್ಣೆ ಬಿಡಿ, ಅಂಗಡಿ ಸ್ಪ್ರೇ ಆದ್ರೂ ಆಯ್ತು, ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕೋ ಎಟಿಎಫ್ ಎಣ್ಣೆ ಅರ್ಧ ಅಸಿಟೋನ್ ಅರ್ಧ ಬೆರೆಸಿದ್ರೂ ಆಯ್ತು, ನನಗೆ ಎರಡನೇದೇ ಇಷ್ಟ. ಮೂರು ನಾಲ್ಕು ದಿನ ಬೆಳಗ್ಗೆ ಸಾಯಂಕಾಲ ಬಿಡ್ತಾ ಇರಿ, ಬಿಟ್ಟಾಗೆಲ್ಲ ಸಣ್ಣ ಸುತ್ತಿಗೇಲಿ ತಲೆ ಮೇಲೆ ನಾಲ್ಕು ಸಲ ಕುಟ್ಟಿ, ಜೋರಾಗಿ ಅಲ್ಲ, ಬಾಗಿಲು ತಟ್ಟೋ ಹಾಗೆ. ಆಮೇಲೆ ಬಿಸಿ. ಅಲ್ಯೂಮಿನಿಯಂ ಬಿಸಿಗೆ ಸ್ಟೀಲಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗತ್ತೆ, ಅದಕ್ಕೆ ಬಿಸಿ ಕೊಡ್ಬೇಕಾದ್ದು ಬೋಲ್ಟಿಗಲ್ಲ, ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂಗೆ. ಸಣ್ಣ ಗ್ಯಾಸ್ ಟಾರ್ಚ್ ಸಾಕು, ಒಂದೇ ಕಡೆ ಹಿಡಿಯದೆ ಆಡಿಸ್ತಾ, ನೀರಿನ ಹನಿ ಬಿಟ್ರೆ ಚುಂಯ್ ಅಂತ ಹಾರೋವರೆಗೆ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡಲ್ಲ ನೆನಪಿರಲಿ, ನೆಟ್ಟಗಿದ್ದದ್ದು ಒಂದೇ ಸಲ ಕುಸಿಯತ್ತೆ. ಟಾರ್ಚ್ ಹಚ್ಚೋ ಮುಂಚೆ ಟ್ಯಾಂಕು, ಕಾರ್ಬೊರೇಟರ್, ಪೈಪು ಎಲ್ಲ ತೆಗೆದು ದೂರ ಇಡಿ, ಬಿಟ್ಟ ಎಣ್ಣೆನೂ ಒರೆಸಿ, ಅಸಿಟೋನ್ ಬಾಟ್ಲಿ ಜಗಲಿ ಆಚೆ ಹೋಗ್ಲಿ. ಬಿಸಿ ಇರುವಾಗ್ಲೇ ಬೋಲ್ಟಿನ ಬುಡಕ್ಕೆ ಒಂದು ಮೇಣದಬತ್ತಿ ಒತ್ತಿ ಹಿಡಿದ್ರೆ ಮೇಣ ಕರಗಿ ಥ್ರೆಡ್ಡಿನೊಳಗೆ ಹೀರಿಕೊಳ್ಳತ್ತೆ, ಇದು ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿದ್ದು ಎಷ್ಟೋ ಸಲ ನೋಡಿದ್ದೀನಿ.

ತಲೆ ಮೇಲೆ ಗೀರು ಇರೋ ಸ್ಕ್ರೂ ಆದ್ರೆ ಸುತ್ತಿಗೇಲಿ ಹೊಡಿಯೋ ಇಂಪ್ಯಾಕ್ಟ್ ಡ್ರೈವರ್ ಬೇಕು, ಸಾದಾ ಸ್ಕ್ರೂಡ್ರೈವರ್ ತಗೊಂಡು ಹೋರಾಡಿದ್ರೆ ಗೀರೇ ಹೋಗತ್ತೆ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಕಡೆ ತಿರುಗಿಸಿ, ಆಮೇಲೆ ಸಡಿಲ ಕಡೆ, ಹೀಗೆ ಆಚೆ ಈಚೆ. ರಬ್ಬರಿನ ಹಾಗೆ ತಿರುಚಿಕೊಳ್ತಿದೆ ಆದ್ರೆ ಬಿಡ್ತಿಲ್ಲ ಅನ್ನಿಸಿದ ಕೂಡ್ಲೆ ನಿಲ್ಲಿಸಿ ಮತ್ತೆ ಬಿಸಿ, ಮತ್ತೆ ಎಣ್ಣೆ, ಮತ್ತೆ ನಾಳೆ. ಇಷ್ಟಾದ್ರೂ ಒಂದೋ ಎರಡೋ ಮುರಿಯತ್ತೆ, ಬೇಜಾರು ಮಾಡ್ಕೋಬೇಡಿ. ಮುರಿದ ತುಂಡು ಸ್ವಲ್ಪ ಹೊರಗಿದ್ರೆ ಅದರ ಮೇಲೆ ಒಂದು ನಟ್ಟಿಟ್ಟು ನಟ್ಟಿನೊಳಗೆ ವೆಲ್ಡ್ ತುಂಬಿಸಿ, ಆ ಬಿಸಿಗೇ ಸಡಿಲ ಆಗಿ ನಟ್ಟಿನ ಜೊತೆ ಬರತ್ತೆ. ಒಳಗೇ ಮುರಿದ್ರೆ ನೀವು ಕೈ ಹಾಕ್ಬೇಡಿ, ಶಿವಮೊಗ್ಗಕ್ಕೆ ತನ್ನಿ, ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಕಡೆ ಲೇತ್ ಅಂಗಡಿಗಳಲ್ಲಿ ನಡುವಿಗೆ ಸರಿಯಾಗಿ ಡ್ರಿಲ್ ಹಾಕಿ ತೆಗೆದು ಬೇಕಾದ್ರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡೋ ತಂತಿ ಸುರುಳಿ) ಹಾಕಿ ಕೊಡೋ ಕೈಗಳಿವೆ. ಕೈ ಡ್ರಿಲ್ಲಲ್ಲಿ ಮನೇಲಿ ಮಾಡೋಕೆ ಹೋದ್ರೆ ಡ್ರಿಲ್ ಬಿಟ್ ಗಟ್ಟಿ ಸ್ಟೀಲ್ ಬಿಟ್ಟು ಮೆತ್ತನೆ ಅಲ್ಯೂಮಿನಿಯಂ ಕಡೆ ಜಾರತ್ತೆ, ಅಲ್ಲಿಗೆ ಕಥೆ ಮುಗೀತು.

ಥ್ರೆಡ್ ಬಗ್ಗೆ ಒಂದು ಮಾತು. ಇದು ಅಮೆರಿಕದ ಎಂಜಿನ್, ಇಂಚಿನ ಲೆಕ್ಕ. ಕವರಿನದು ಹೆಚ್ಚಾಗಿ ಕಾಲು ಇಂಚು, ಇಂಚಿಗೆ 20 ಥ್ರೆಡ್. ಅಂಗಡೀಲಿ ಎರಡು ಸೂತಿನ ಬೋಲ್ಟ್ ಕೊಡಿ ಅಂದ್ರೆ 6 ಎಂಎಂ ಕೊಟ್ಟು ಇದೇ ಆಗತ್ತೆ ಅಂತಾರೆ, ಆಗಲ್ಲ, ಅದು 6.35 ಬದಲು 6, ಥ್ರೆಡ್ ಕೂಡ ಬೇರೆ, ಎರಡು ಸುತ್ತು ಹೋಗಿ ಕಚ್ಚಿಕೊಂಡು ಇದ್ದ ಥ್ರೆಡ್ಡನ್ನೂ ಕೆಡಿಸತ್ತೆ. ಹಳೇ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಕಾಲು ಇಂಚಿಗೂ 20 ಥ್ರೆಡ್ಡೇ ಇರೋದ್ರಿಂದ ಸಲೀಸಾಗಿ ಹೋಗ್ಬಿಡತ್ತೆ, ಆದ್ರೆ ಅದರ ಥ್ರೆಡ್ಡಿನ ಕೋನ 55 ಡಿಗ್ರಿ, ಇದರದ್ದು 60, ಅಲ್ಯೂಮಿನಿಯಂ ತೂತಲ್ಲಿ ಆ ಸಲೀಸು ನಂಬಬೇಡಿ. ಯುಎನ್‌ಸಿ (ಈ ಅಮೆರಿಕನ್ ಇಂಚಿನ ಥ್ರೆಡ್ಡಿನ ಹೆಸರು) ಅಂತಲೇ ಕೇಳಿ ತಗೊಳ್ಳಿ.

ಕವರು ಬಂತು ಅಂದ್ಕೊಳ್ಳಿ. ಹಳೇ ಪ್ಯಾಕಿಂಗನ್ನ ಒಣಗಿದ್ದಾಗ ಕೆರೀಬೇಡಿ, ಆ ಕಾಲದ ಪ್ಯಾಕಿಂಗಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ. ಕಾರ್ಬನ್ ವಿಷಯನೂ ಅಷ್ಟೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದ ಫೆಬ್ರವರಿಯಲ್ಲಿ, ಅಜ್ಜನ ಕಾಲದಲ್ಲಿ ಓಡಿದ ಎಂಜಿನ್ ಅಂದ್ರೆ ಆ ಕಪ್ಪಿನಲ್ಲಿ ಸೀಸ ಇದೆ ಅಂತಲೇ ಲೆಕ್ಕ. ಕಂಪ್ರೆಸರ್ ಗಾಳಿ ಹೊಡೆದು ಧೂಳು ಎಬ್ಬಿಸೋದು, ಮಕ್ಕಳನ್ನ ಪಕ್ಕ ಕೂರಿಸ್ಕೊಂಡು ಕೆರೆಯೋದು ಎರಡೂ ಬೇಡ. ಡೀಸೆಲ್ಲೋ ಸೀಮೆಎಣ್ಣೆಯೋ ಹಚ್ಚಿ ಒದ್ದೆ ಮಾಡಿ, ಕೈಗೆ ಗ್ಲೌಸ್ ಹಾಕಿ, ಕೆಳಗೆ ಪೇಪರ್ ಹಾಸಿ ಕೆಲಸ ಮಾಡಿ, ಕೊನೆಗೆ ಆ ಪೇಪರ್ ಮಡಚಿ ಡಬ್ಬಿಗೆ ತುಂಬಿ ಮುಚ್ಚಿ. ತೋಟದ ಕಾಲುವೆಗೆ ಮಾತ್ರ ಚೆಲ್ಲಬೇಡಿ, ಅದು ಕೊನೆಗೆ ಹೋಗೋದು ಹಿನ್ನೀರಿಗೇ.

ಕೆರೆಯೋಕೆ ಏನು? ಸ್ಟೀಲ್ ಸ್ಕ್ರೇಪರ್, ಹಳೇ ಚಾಕು, ಡ್ರಿಲ್ಲಿಗೆ ಹಾಕೋ ತಂತಿ ಬ್ರಷ್ ಎಲ್ಲ ದೂರ ಇಡಿ. ನಮ್ಮ ಮಲೆನಾಡಲ್ಲಿ ದೇವರು ಕೊಟ್ಟ ಸ್ಕ್ರೇಪರ್ ಇದೆ, ಅಡಿಕೆ ದಬ್ಬೆ. ಚೆನ್ನಾಗಿ ಒಣಗಿದ ದಬ್ಬೆಯ ಹೊರಮೈ ಗಟ್ಟಿ ಇರತ್ತೆ, ಅದನ್ನ ಉಳಿ ಥರ ಓರೆ ಚೂಪು ಮಾಡ್ಕೊಂಡ್ರೆ ಕಾರ್ಬನ್ ಕೆರೆಯತ್ತೆ, ಅಲ್ಯೂಮಿನಿಯಂಗೆ ಗೀರು ಬೀಳಲ್ಲ, ಮೊಂಡಾದ್ರೆ ಇನ್ನೊಂದು ಸಲ ಕತ್ತಿಯಲ್ಲಿ ಕೆತ್ತಿ. ಐದಾರು ಅಳತೇಲಿ ಮಾಡಿಟ್ಕೊಳ್ಳಿ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು ಕೆರೆದ್ರೆ ಬೇಗ ಬರತ್ತೆ, ಹೊನ್ನಾವರದಲ್ಲಿದ್ದಾಗ ಸೀಮೆಎಣ್ಣೆ ಬೆರೆಸಿ ಓಡಿಸಿದ್ರೆ ಮಾತ್ರ ಕಲ್ಲಿನ ಹಾಗೆ ಕೂತಿರತ್ತೆ, ರಾತ್ರಿಯಿಡೀ ಡೀಸೆಲ್ ಬಟ್ಟೆ ಹೊದಿಸಿ ಮಲಗಿಸ್ಬೇಕು.

ಸಿಲಿಂಡರಿನ ತೂತು ಕ್ಲೀನ್ ಮಾಡುವಾಗ ಮೇಲಿನ ಚಕ್ರ ತಿರುಗಿಸಿ ಪಿಸ್ಟನ್ನು ಆ ತೂತನ್ನ ಮುಚ್ಚೋ ಹಾಗೆ ನಿಲ್ಲಿಸಿ, ಪಿಸ್ಟನ್ನೇ ಬಾಗಿಲು ಆಗತ್ತೆ, ಚೂರು ಒಳಗೆ ಬೀಳಲ್ಲ. ಒಂದು ಸಿಲಿಂಡರ್ ಮುಗಿದ ಮೇಲೆ ಚೂರೆಲ್ಲ ಬಟ್ಟೇಲಿ ತೆಗೆದು, ಆಮೇಲೆ ತಿರುಗಿಸಿ ಇನ್ನೊಂದು. ತೂತಿನ ಅಂಚನ್ನ ಪಾಲಿಶ್ ಮಾಡ್ತೀನಿ, ಸ್ವಲ್ಪ ಅಗಲ ಮಾಡಿದ್ರೆ ಪವರ್ ಬರತ್ತೆ ಅಂತ ಫೈಲ್ ತಗೋಬೇಡಿ. ಟೂ ಸ್ಟ್ರೋಕಲ್ಲಿ ತೂತಿನ ಎತ್ತರವೇ ಟೈಮಿಂಗು, ಆರ್‌ಎಕ್ಸ್ 100 ಹುಡುಗರ ವಿದ್ಯೆ ಇಲ್ಲಿ ಬೇಡ. ಮರಳು ಹೊಡೆಸೋ ಬ್ಲಾಸ್ಟಿಂಗ್ ಕೂಡ ಬ್ಲಾಕಿಗೆ ಬೇಡ, ಒಂದು ಕಾಳು ಮರಳು ಸಂದಿಯಲ್ಲಿ ಉಳಿದ್ರೂ ಪಿಸ್ಟನ್ ಗೀರತ್ತೆ. ಬಿಚ್ಚಿದ ಹೊರ ಕವರಿಗೆ ಬೇಕಾದ್ರೆ ಮಾಡಿಸಿ.

ನೀರು ಓಡೋ ಕೋಣೇಲಿ ಬಿಳಿ ಉಪ್ಪು, ಸುಣ್ಣದ ಪದರ ಇರತ್ತೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ಹಾಕಿ ಬ್ರಷ್ಷಲ್ಲಿ ತಿಕ್ಕಿ ಚೆನ್ನಾಗಿ ತೊಳೀರಿ, ಮರೆತು ಇಡೀ ದಿನ ಬಿಡಬೇಡಿ, ಹುಳಿಯೂ ನಿಧಾನಕ್ಕೆ ಅಲ್ಯೂಮಿನಿಯಂ ತಿನ್ನತ್ತೆ. ಟಾಯ್ಲೆಟ್ ತೊಳಿಯೋ ಆಸಿಡ್ ಮಾತ್ರ ಹತ್ರ ತರಬೇಡಿ.

ಈಗ ನಾನು ಇನ್ನರ್ಧ ಕೆಲಸ ಅಂದ್ನಲ್ಲ, ಅದು. ದಪ್ಪ ಗಾಜಿನ ಹಲಗೆ ಮೇಲೆ 320 ನಂಬರಿನ ವಾಟರ್ ಪೇಪರ್ ಹಾಸಿ ಸ್ವಲ್ಪ ಎಣ್ಣೆ ಬಿಟ್ಟು ಕವರಿನ ಮುಖವನ್ನ ಎಂಟರ ಆಕಾರದಲ್ಲಿ ಉಜ್ಜಿ. ಹತ್ತು ಸಲ ಉಜ್ಜಿ ತಿರುಗಿಸಿ ನೋಡಿದ್ರೆ ಎಲ್ಲಿ ಹೊಳಪು ಬಂದಿಲ್ಲವೋ ಅಲ್ಲಿ ತಗ್ಗು. ಇಡೀ ಮುಖ ಒಂದೇ ಹೊಳಪು ಬರೋವರೆಗೆ ಉಜ್ಜಿ, ಅದಕ್ಕಿಂತ ಜಾಸ್ತಿ ಬೇಡ. ಉಪ್ಪು ತಿಂದು ಗುಂಡಿ ಬಿದ್ದಿದ್ರೆ, ಗುಂಡಿ ಹೊಗೆ ಕಡೆಯಿಂದ ನೀರಿನ ಕಡೆಗೆ ಸೇತುವೆ ಹಾಕಿದೆಯಾ ಅನ್ನೋದನ್ನ ನೋಡಿ. ಹಾಕಿಲ್ಲ ಅಂದ್ರೆ ಪ್ಯಾಕಿಂಗ್ ತಡೆದುಕೊಳ್ಳತ್ತೆ. ಹಾಕಿದ್ರೆ ಆರ್ಗಾನ್ ವೆಲ್ಡಿಂಗಲ್ಲಿ ತುಂಬಿಸಿ ಮತ್ತೆ ಮಟ್ಟ ಮಾಡಿಸ್ಬೇಕು, ಎಂ-ಸೀಲ್ ಮೆತ್ತಿ ಮುಚ್ಚೋದಲ್ಲ, ಆ ಬಿಸಿಗೆ ಅದು ನಿಲ್ಲಲ್ಲ. ಒಳ ತಗಡು ತೂತು ಬಿದ್ದಿದ್ರೆ ಅದೇ ದಪ್ಪದ ತಗಡು ತಂದು ಹಳೇದನ್ನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ ಮಾಡ್ಕೊಳ್ಳಿ. ಬಗ್ಗಿದ್ರೆ ಮರದ ಹಲಗೆ ಮೇಲಿಟ್ಟು ಮರದ ಕೊಡತಿಯಲ್ಲಿ ತಟ್ಟಿ ನೇರ ಮಾಡಿ.

ಪ್ಯಾಕಿಂಗ್ ಈ ಎಂಜಿನ್ನಿಗೆ ರೆಡಿ ಸಿಗೋದು ಕಷ್ಟ, ಸಿಕ್ಕಿದ್ರೂ ಹೊರದೇಶದಿಂದ ತರಿಸ್ಬೇಕು, ಬೆಲೆ ಕೇಳಿ ಎದೆ ಹಿಡ್ಕೋತೀರಿ. ಬಿಸಿ ತಡೆಯೋ ಆಸ್ಬೆಸ್ಟಾಸ್ ಇಲ್ಲದ ಪ್ಯಾಕಿಂಗ್ ಶೀಟು, ಸುಮಾರು 0.8 ಮಿಲಿಮೀಟರ್ ದಪ್ಪದ್ದು, ತಗೊಂಡು ನೀವೇ ಕತ್ತರಿಸಿ. ಕವರಿನ ಮುಖಕ್ಕೆ ಎಣ್ಣೆ ಮಸಿ ಸವರಿ ಶೀಟಿನ ಮೇಲೆ ಒತ್ತಿದ್ರೆ ಹೆಬ್ಬೆಟ್ಟಿನ ಗುರುತಿನ ಹಾಗೆ ಅಚ್ಚು ಬೀಳತ್ತೆ. ಎರಡು ಪ್ಯಾಕಿಂಗ್ ಬೇಕು, ಬ್ಲಾಕಿಗೂ ಒಳ ತಗಡಿಗೂ ನಡುವೆ ಒಂದು, ತಗಡಿಗೂ ಹೊರ ಕವರಿಗೂ ನಡುವೆ ಒಂದು, ಎರಡೂ ಒಂದೇ ಥರ ಇರತ್ತೆ ಅಂದ್ಕೋಬೇಡಿ. ನೀರು ಹೋಗೋ ಸಣ್ಣ ಕಿಂಡಿ ಯಾವ್ದೂ ಮರೀಬೇಡಿ. ನಾನು ಒಂದ್ಸಲ ಕಾಲಿನ ಮೇಲಿನ ಪ್ಯಾಕಿಂಗಲ್ಲಿ ನೀರಿನ ತೂತು ಒಂದನ್ನ ಹೊಡೆಯೋದು ಬಿಟ್ಟುಬಿಟ್ಟಿದ್ದೆ, ಪಂಪು ಚೆನ್ನಾಗೇ ಇತ್ತು, ನೀರು ಮೇಲೆ ಹೋಗ್ತಿರಲಿಲ್ಲ, ಐದು ನಿಮಿಷಕ್ಕೆ ಬಣ್ಣ ಸುಟ್ಟ ವಾಸನೆ ಬಂದ್ಮೇಲೆ ಹೊಳೆದಿದ್ದು. ಹಳೇ ಪ್ಯಾಕಿಂಗಿನ ಚೂರುಗಳನ್ನ ಅದಕ್ಕೇ ಎಸೀಬೇಡಿ, ಜೋಡಿಸಿ ಫೋಟೋ ತೆಗೆದಿಟ್ಕೊಳ್ಳಿ.

ಎರಡು ಮುಖಕ್ಕೂ ಗ್ಯಾಸ್ಕೆಟ್ ಶೆಲ್ಯಾಕ್ ತೆಳ್ಳಗೆ, ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಮಾತ್ರ. ಸಿಲಿಕಾನ್ ಟ್ಯೂಬ್ ತಂದು ಕೇಕಿಗೆ ಕ್ರೀಮ್ ಹಾಕಿದ ಹಾಗೆ ಹಾಕಿದ್ರೆ ಒಳಗೆ ಉಬ್ಬಿ ಬಂದಿದ್ದು ಕಿತ್ತುಹೋಗಿ ನೀರಿನ ದಾರಿಗೆ ಅಡ್ಡ ಕೂರತ್ತೆ. ಬೋಲ್ಟಿನ ಥ್ರೆಡ್ಡಿಗೆ ಮತ್ತೆ ಕಚ್ಚಿಕೊಳ್ಳದ ಹಾಗೆ ತಡೆಯೋ ಆ್ಯಂಟಿ ಸೀಜ್ ಗ್ರೀಸ್ ಹಚ್ಚಲೇಬೇಕು, ಸ್ಟೇನ್‌ಲೆಸ್ ಬೋಲ್ಟ್ ಹಾಕಿದ್ರಂತೂ ಇನ್ನೂ ಮುಖ್ಯ. ಬಿಗಿ ಮಾಡುವಾಗ ನಡುವಿನ ಬೋಲ್ಟಿಂದ ಶುರು ಮಾಡಿ ಹೊರಕ್ಕೆ ಸುರುಳಿ ಸುತ್ತಿದ ಹಾಗೆ, ಮೂರು ಸುತ್ತಲ್ಲಿ ಸ್ವಲ್ಪ ಸ್ವಲ್ಪ. ಟಾರ್ಕ್ ಪಾನಾ ಇದ್ರೆ 7ರಿಂದ 9 ನ್ಯೂಟನ್ ಮೀಟರ್, ಅಂದ್ರೆ ಸಣ್ಣ ಪಾನಾದಲ್ಲಿ ಬೆರಳಿನ ಬಲದಷ್ಟು, ಭುಜದ ಬಲ ಅಲ್ಲ.

ಕಾಲಿನ ಒಳಗಿನ ಕೊಳವೆ ನೋಡ್ಬೇಕಂದ್ರೆ ಎಂಜಿನ್ನನ್ನ ಕಾಲಿಂದ ಎತ್ತಬೇಕು, ಕೆಳಗಿನಿಂದ ಹಾಕಿರೋ ಬೋಲ್ಟುಗಳು, ಅದೇ ರಾಮಾಯಣ ಇನ್ನೊಂದು ಸಲ. ಮೇಲಿನ ಕೋಣೆ ಕ್ಲೀನ್ ಮಾಡಿದ್ಮೇಲೆ ಎಂಜಿನ್ ಚೆನ್ನಾಗಿ ಓಡಿದ್ರೆ ಇದನ್ನ ಮುಟ್ಟೋ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಎತ್ತಿದ್ರೆ ಮಾತ್ರ ಕೊಳವೆ ತೂತು ಬಿದ್ದಿದೆಯಾ, ನೀರಿನ ತಾಮ್ರದ ನಳಿಗೆ ಜಜ್ಜಿದೆಯಾ, ಅದರ ಎರಡು ತುದಿಯ ರಬ್ಬರ್ ಬಳೆ ಸರಿ ಇದೆಯಾ ನೋಡಿ, ಹಾಗೇ ಪಂಪಿನ ರಬ್ಬರ್ ಚಕ್ರನೂ ಹೊಸದು ಹಾಕ್ಬಿಡಿ.

ಬಣ್ಣ ನಿಮ್ಮಿಷ್ಟ. ಒಂದೇ ಮಾತು, ಅಲ್ಯೂಮಿನಿಯಂ ಮೇಲೆ ಗೇಟಿಗೆ ಹಚ್ಚೋ ರೆಡ್ ಆಕ್ಸೈಡ್ ನಿಲ್ಲಲ್ಲ, ಲೋಹಕ್ಕೆ ಕಚ್ಚಿ ಹಿಡಿಯೋ ಎಚಿಂಗ್ ಪ್ರೈಮರ್ ಹಾಕಿ ಆಮೇಲೆ ಬಣ್ಣ. ಹೊಗೆ ಅಟ್ಟದ ಮಸಿ ಇದ್ಯಲ್ಲ, ಸೋಪಿನ ನೀರಿಗೆ ಹೋಗತ್ತೆ. ಆ ಅಟ್ಟದಲ್ಲಿ ಇಟ್ಟಿದ್ದಕ್ಕೆ ಅಜ್ಜಂಗೆ ಒಂದು ನಮಸ್ಕಾರ ಹಾಕಿ, ನಮ್ಮ ಮಳೆಗಾಲದ ಥಂಡಿಗೆ ಕೆಳಗಿಟ್ಟಿದ್ರೆ ಬೇರಿಂಗ್ ಎಲ್ಲ ತುಕ್ಕು ಹಿಡಿದಿರ್ತಿತ್ತು.

ಇನ್ನು ಮತ್ತೆ ಕಾರ್ಬನ್ ಕೂರದ ಹಾಗೆ ಎಂತ ಮಾಡೋದು. ಎಣ್ಣೆ. ಬೈಕಿಗೆ ಹಾಕೋ 2ಟಿ ಎಣ್ಣೆ ಗಾಳಿಯಿಂದ ತಣಿಯೋ ಬಿಸಿ ಎಂಜಿನ್ನಿಗೆ ಮಾಡಿದ್ದು, ನೀರಿಂದ ತಣಿಯೋ ಎಂಜಿನ್ನಿಗೆ ಟಿಸಿ-ಡಬ್ಲ್ಯೂ3 ಅಂತ ಬರೆದಿರೋ ಎಣ್ಣೆ ಬೇಕು, ಅದು ಬೂದಿ ಬಿಡಲ್ಲ, ಕರಾವಳಿ ಕಡೆ ಬೋಟಿನ ಅಂಗಡಿಗಳಲ್ಲಿ ಸಿಗತ್ತೆ. ನಿಮ್ಮ ಎಂಜಿನ್ 1964ಕ್ಕಿಂತ ಹಿಂದಿನದಾದ್ರೆ 24 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಅಂದ್ರೆ 5 ಲೀಟರಿಗೆ ಸುಮಾರು 210 ಎಂಎಲ್. ಹೊಗೆ ಕಡಿಮೆ ಆಗ್ಲಿ ಅಂತ 50ಕ್ಕೆ ಒಂದು ಹಾಕ್ಬೇಡಿ, ಅದು ಆಮೇಲಿನ ಎಂಜಿನ್ನುಗಳ ಲೆಕ್ಕ, ಇದರ ಒಳಗೆ ಸಾದಾ ಬುಷ್ ಬೇರಿಂಗು ಇದ್ದಲ್ಲಿ ಎಣ್ಣೆ ಸಾಲದೆ ಹಿಡ್ಕೊಳ್ಳತ್ತೆ. ಸ್ವಲ್ಪ ಹೊಗೆ ಇದರ ಜಾತಿ ಗುಣ, ಬಿಟ್ಬಿಡಿ. ಇವತ್ತಿನ ಪೆಟ್ರೋಲಲ್ಲಿ ಎಥನಾಲ್ ಬೇರೆ ಇರೋದ್ರಿಂದ ತಿಂಗಳುಗಟ್ಟಲೆ ಟ್ಯಾಂಕಲ್ಲಿ ಇಡ್ಬೇಡಿ, ನೀರು ಹೀರತ್ತೆ, ಹಳೇ ರಬ್ಬರ್ ಪೈಪು ಮೆತ್ತಗಾಗತ್ತೆ. ಮತ್ತೆ ಯಾವಾಗ್ಲೂ ನಿಧಾನಕ್ಕೇ ಓಡಿಸ್ತಾ ಇದ್ರೂ ಕಾರ್ಬನ್ ಕೂರತ್ತೆ, ದಡಕ್ಕೆ ಬರೋ ಮುಂಚೆ ಐದು ನಿಮಿಷ ಪೂರ್ತಿ ರೇಸಲ್ಲಿ ಓಡಿಸಿ.

ಮೊದಲ ಸಲ ಓಡಿಸುವಾಗ ಹಿಂದಿನ ಉಸಿರು ತೂತನ್ನೇ ನೋಡ್ತಾ ಇರಿ. ಹೊಸ ಯಮಾಹ ಬೋಟ್ ಎಂಜಿನ್ನುಗಳಲ್ಲಿ ಪಕ್ಕದಿಂದ ಪಿಚಕಾರಿ ಹಾಗೆ ನೀರು ಬರತ್ತಲ್ಲ, ಈ ಹಳೇ ಜಾನ್ಸನ್‌ಗಳಲ್ಲಿ ಹಾಗೆ ಬರಲ್ಲ, ಆ ತೂತಿಂದಲೇ ಹೊಗೆ ಜೊತೆ ತುಂತುರು ಬರತ್ತೆ, ಅದು ಬಂದ್ರೆ ನೀರು ಮೇಲಕ್ಕೆ ಹೋಗಿ ಇಳೀತಿದೆ ಅಂತ. ಬರೀ ಒಣ ಹೊಗೆ ಬಂದ್ರೆ ಒಂದು ನಿಮಿಷದೊಳಗೆ ಆಫ್ ಮಾಡಿ. ಹತ್ತು ನಿಮಿಷ ಓಡಿದ್ಮೇಲೆ ಹೆಡ್ಡಿನ ಮೇಲೆ ಕೈ ಇಟ್ರೆ ಎರಡು ಮೂರು ಸೆಕೆಂಡ್ ತಡೆಯೋ ಬಿಸಿ ಇರಬೇಕು. ಆರಿದ ಮೇಲೆ ಕವರಿನ ಬೋಲ್ಟುಗಳನ್ನ ಇನ್ನೊಂದು ಸಲ ಅದೇ ಕ್ರಮದಲ್ಲಿ ಮುಟ್ಟಿ ನೋಡಿ, ಹೊಸ ಪ್ಯಾಕಿಂಗ್ ಕೂತು ಸ್ವಲ್ಪ ಸಡಿಲ ಆಗಿರತ್ತೆ. ಆಮೇಲೆ ಎರಡೂ ಪ್ಲಗ್ ಬಿಚ್ಚಿ ಪಕ್ಕ ಪಕ್ಕ ಇಡಿ, ಎರಡೂ ಒಂದೇ ಬಣ್ಣ ಕಾಫಿಪುಡಿ ಥರ ಇದ್ರೆ ಎಂಜಿನ್ನನ್ನ ದೋಣಿಗೆ ಹತ್ತಿಸಬಹುದು, ಸಿಗಂದೂರು ಸೇತುವೆ ಆದ್ಮೇಲೆ ಲಾಂಚಿನ ಕ್ಯೂನೂ ಇಲ್ಲ, ನೀರೆಲ್ಲ ನಿಮ್ಮದೇ, ಆದ್ರೆ ಅಲ್ಲಿ ಕೆಲವು ಕಡೆ ಅಭಯಾರಣ್ಯ ಬರೋದ್ರಿಂದ ಮೋಟಾರ್ ಇಳಿಸೋಕೆ ಮುಂಚೆ ಅರಣ್ಯ ಇಲಾಖೆ ಆಫೀಸಲ್ಲಿ ಒಂದು ಮಾತು ಕೇಳ್ಕೊಳ್ಳಿ. ಒಂದು ಪ್ಲಗ್ ಬೆಳ್ಳಗೆ ತೊಳೆದ ಹಾಗಿದ್ರೆ ಇನ್ನೊಂದು ಸಲ ಕವರ್ ಬಿಚ್ಚಬೇಕು, ಈ ಸಲ ಬೋಲ್ಟಂತೂ ಸಲೀಸಾಗಿ ಬರತ್ತೆ.